ಗಾದಿ ಶಾವಲಿಯ ಒಂದು ದಿನದ ಪಾಸು

ದೇವರು ಮನುಷ್ಯರಿಗೆ ಆಸೆಗಳನ್ನು ಹಂಚುವಾಗ ಸಿಂಧನೂರಿನ ಗಾದಿ ಶಾವಲಿಯ ಪಾಲಿಗೆ ಬಂದದ್ದು ತೀರ ಸಣ್ಣದೊಂದು ಆಸೆ. ಬಂಗಲೆ ಬೇಡ, ಕಾರು ಬೇಡ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿರಬೇಕು. ಕಂಡಕ್ಟರ್ ಬಂದು ನಿಲ್ಲಬೇಕು. ಆಗ ಹೊರಗಿನ ಭತ್ತದ ಗದ್ದೆಯ ಮೇಲಿಟ್ಟ ಮುಖವನ್ನು ಈಚೆಗೆ ತಿರುಗಿಸದೆ "ಪಾಸ್" ಅನ್ನಬೇಕು. ಅಷ್ಟೇ.

ಪೊಲೀಸರು ಹಾಗನ್ನುತ್ತಾರೆ. ಕಾಲೇಜಿನ ಹುಡುಗರು ಹಾಗನ್ನುತ್ತಾರೆ. ಕಂಡಕ್ಟರ್ ಮರುಮಾತಿಲ್ಲದೆ ಮುಂದೆ ಹೋಗುತ್ತಾನೆ. ಶಾವಲಿಯ ಹತ್ತಿರ ಬಂದಾಗ ಮಾತ್ರ "ಚಿಲ್ಲರಿ ತಗೀರಿ" ಅನ್ನುತ್ತಾನೆ. ಶಾವಲಿ ಎದ್ದು ನಿಂತು, ಅಂಗಿ ಎತ್ತಿ, ಬನಿಯನ್ನಿನ ಒಳಜೇಬಿಗೆ ಕೈಯಿಳಿಸುತ್ತಾನೆ. ಹೀಗೆ ಇಡೀ ಬಸ್ಸಿಗೆ ತನ್ನ ಹೊಟ್ಟೆಯ ದರ್ಶನ ಮಾಡಿಸದೆ ಅವನು ಯಾವತ್ತೂ ಯಾವ ಊರಿಗೂ ಹೋದವನಲ್ಲ.

ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲಂತೂ ಈ ಆಸೆ ಗಾಯವಾಯಿತು. ಹೆಂಡತಿ ಶಂಶಾದ್‌ಬೀ ಉಪ್ಪಿನಕಾಯಿ ಕೊಡಲಿಕ್ಕೆಂದು ಮುದಗಲ್ಲಿನ ತಂಗಿಯ ಮನೆಗೆ ಹೋಗುತ್ತಿದ್ದಳು, ಖಾಲಿ ಡಬ್ಬಿ ತರಲಿಕ್ಕೆಂದು ಮತ್ತೊಮ್ಮೆ ಹೋಗುತ್ತಿದ್ದಳು. "ನಿಮಗೇನ್ರಿ, ನೀವು ಗಂಡಸರು, ನಿಮ್ಮ ಖರ್ಚು ನೀವಾ ನೋಡ್ಕೋಬೇಕು. ನನಗ ಸರಕಾರ ಐತಿ," ಎಂದು ಗಾದಿಗೆ ಹತ್ತಿ ಹಿಂಜುತ್ತ ಕೂತ ಗಂಡನ ಮುಂದೆ ನಿಂತು ಹೇಳುತ್ತಿದ್ದಳು. ಶಾವಲಿ ಆ ಹೊತ್ತು ಹಿಂಜಿದ ಹತ್ತಿ ಬಹಳ ನುಣ್ಣಗಿರುತ್ತಿತ್ತು.

ಅಷ್ಟರಲ್ಲಿ ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ ಒಂದು ಕಾಗದ ಅಂಟಿತು. ಒಂದು ತಿಂಗಳ ಮಟ್ಟಿಗೆ ವಿಶೇಷ ದಿನದ ಪಾಸು. ಬೆಳಿಗ್ಗೆ ಆರರಿಂದ ಸಂಜೆ ಏಳರವರೆಗೆ ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ನಡುವೆ ಎಷ್ಟು ಸಲ ಬೇಕಾದರೂ ಹತ್ತಬಹುದು, ಎಷ್ಟು ಸಲ ಬೇಕಾದರೂ ಇಳಿಯಬಹುದು. ಶಾವಲಿ ಅದನ್ನು ಮೂರು ಸಲ ಓದಿದ. ಶನಿವಾರವೇ ಹೋಗಿ, ಫೋಟೊ ಅಂಟಿಸಿ, ಸೀಲು ಹೊಡೆಸಿ, ಭಾನುವಾರದ ತಾರೀಖು ಬರೆಸಿಕೊಂಡ. ಅಲ್ಲಿಂದ ನೆಟ್ಟಗೆ ಝೆರಾಕ್ಸ್ ಅಂಗಡಿಗೆ ಹೋಗಿ ಅದಕ್ಕೆ ಲ್ಯಾಮಿನೇಶನ್ ಮಾಡಿಸಿದ. ಹದಿಮೂರು ತಾಸು ಬದುಕುವ ಕಾಗದಕ್ಕೆ ನೂರು ವರ್ಷ ಬಾಳುವ ಪ್ಲಾಸ್ಟಿಕ್ಕು.

ಭಾನುವಾರ ಬೆಳಿಗ್ಗೆ ನಮಾಜು ಮುಗಿಸಿ, ರಂಜಾನಿಗೆ ಹೊಲಿಸಿದ ಅಂಗಿ ತೊಟ್ಟು, ಅತ್ತರು ಹಚ್ಚಿಕೊಂಡು ಹೊರಟಾಗ ಪಕ್ಕದ ಚಹಾದಂಗಡಿಯ ಪಂಪಣ್ಣ ಕೇಳಿದ: "ಏನ್ ಶಾವಲಿ ಮಾಮಾ, ಮುಂಜಾನೆಲೇ ಘಮಘಮ? ಎಲ್ಲಿಗೆ?"

"ಎಲ್ಲಿಗೂ ಇಲ್ಲ."

"ಮತ್ತ ಈ ಅಂಗಿ?"

"ಬಸ್ ಹತ್ತಾಕತ್ತೀನಿ."

"ಬಸ್ ಎಲ್ಲಿಗೆ ಹೋಗ್ತೈತಿ?"

"ಬಸ್ ಲಿಂಗಸುಗೂರಿಗೆ ಹೋಗ್ತೈತಿ. ನಾ ಎಲ್ಲಿಗೂ ಇಲ್ಲ."

ಇದು ಅಪ್ಪಟ ಸತ್ಯ. ಆದರೆ ಐವತ್ತು ದಾಟಿದ ಮನುಷ್ಯ ಅತ್ತರು ಹಚ್ಚಿಕೊಂಡು ಇಂಥ ಸತ್ಯ ಹೇಳಿದರೆ ನಂಬುವ ಊರು ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಪಂಪಣ್ಣ ಆ ಮಾತನ್ನು ಅಂದಿನ ಮೊದಲ ಚಹಾದ ಜೊತೆಗೇ ಗಿರಾಕಿಗಳಿಗೆ ಕೊಡಲು ಶುರುಮಾಡಿದ.

ಮನೆಯಲ್ಲಿ ಶಾವಲಿ ಇಷ್ಟು ನೇರವಾಗಿ ಮಾತಾಡಿರಲಿಲ್ಲ. "ಲಿಂಗಸುಗೂರಿನ ಕಡೆ ಹೋಗಿ ಬರ್ತೀನಿ" ಅಂದಿದ್ದ. ಶಂಶಾದ್‌ಬೀ ಕೂಡಲೇ ಕೆಲಸ ಹಚ್ಚಿದ್ದಳು. ಮಗಳು ಮಹೆಕ್‌ಳನ್ನು ಮಸ್ಕಿಯ ಚಾಂದ್‌ಪಾಷಾನ ಮಗ ಫೈಜಲ್‌ಗೆ ಕೊಡುವುದೆಂದು ಮಾತಾಗಿತ್ತು. ಫೈಜಲ್ ಟ್ರ್ಯಾಕ್ಟರ್ ರಿಪೇರಿ ಮಾಡುವ ಹುಡುಗ. ಉಂಗುರವೂ ಬದಲಾಗಿತ್ತು. ನಿಕಾಹ್‌ನ ತಾರೀಖು ಮಾತ್ರ ಉಳಿದಿತ್ತು, ಅದನ್ನು ಹೆಣ್ಣಿನ ತಂದೆ ಹೋಗಿ ಹೇಳಬೇಕಿತ್ತು.

"ಮಸ್ಕ್ಯಾಗ ಇಳಿದು ತಾರೀಖು ಹೇಳಿ ಬರ್ರಿ. ತಿಂಗಳಾತು ಅವ್ರು ಕಾಯಾಕತ್ತು," ಎಂದು ಶಂಶಾದ್‌ಬೀ ಹೇಳಿದ್ದಳು. ಮಹೆಕ್ ಒಂದು ಸ್ಟೀಲಿನ ಡಬ್ಬಿ ತಂದು ಅಪ್ಪನ ಕೈಯಲ್ಲಿಟ್ಟಳು. ಒಳಗೆ ಅವಳೇ ಮಾಡಿದ ಕರ್ಜಿಕಾಯಿ. "ಅಬ್ಬಾ, ಮರೀಬ್ಯಾಡ್ರಿ," ಅಂದಳು. ಮೂರೂರಿನ ಟ್ರ್ಯಾಕ್ಟರುಗಳ ಸಪ್ಪಳದಲ್ಲಿ ಯಾವುದು ಫೈಜಲ್ ರಿಪೇರಿ ಮಾಡಿದ್ದೆಂದು ಗುರುತಿಸುವ ಮಟ್ಟಕ್ಕೆ ಆ ಹುಡುಗಿ ಬಂದಿದ್ದಳು ಎಂಬುದು ತಾಯಿಗೆ ಗೊತ್ತಿತ್ತು. ತಂದೆಗೆ ಗೊತ್ತಿರಲಿಲ್ಲ. ಅವನ ಗಮನವೆಲ್ಲ ಜೇಬಿನ ಪ್ಲಾಸ್ಟಿಕ್ಕಿನ ಮೇಲಿತ್ತು. ಫೋನು ಕೂಡ ಮನೆಯಲ್ಲೇ ಚಾರ್ಜಿಗೆ ಉಳಿಯಿತು.

ಮೊದಲ ಬಸ್ಸು. ಕಿಟಕಿ ಸಿಕ್ಕಿತು. ಕಂಡಕ್ಟರ್ ದುರುಗೇಶ ಬಂದು ಪಕ್ಕದಲ್ಲಿ ನಿಂತ. ಶಾವಲಿ ಕಾಲುವೆಯ ನೀರಿನ ಮೇಲೆ ಕಣ್ಣು ನೆಟ್ಟು, ಗಂಟಲು ಸರಿಮಾಡಿಕೊಂಡು ಹೇಳಿದ:

"ಪಾಸ್."

"ಯಾತರ ಪಾಸ್ರೀ?"

"ದಿನದ್ದು."

"ಯಾವ ದಿನದ್ದು?"

ಮುಖ ತಿರುಗಿಸಲೇಬೇಕಾಯಿತು. ದುರುಗೇಶ ಪಾಸನ್ನು ಇಸಕೊಂಡು ಬೆಳಕಿಗೆ ಹಿಡಿದ, ಹಿಂದೆ ಮುಂದೆ ನೋಡಿದ, ಬೆರಳಿನಿಂದ ಬಾರಿಸಿದ. "ಇದಕ್ಕ ಪ್ಲಾಸ್ಟಿಕ್ ಯಾಕ ಹೊದಿಸೀರಿ ಮಾರಾಯ? ಇದು ಸಂಜಿಮುಂದ ಸಾಯೋದೈತಿ!" ಬಸ್ಸಿನ ತುಂಬ ಕೂತಿದ್ದ ಹೆಂಗಸರೆಲ್ಲ ತಿರುಗಿದರು. ಶಾವಲಿ ಎದ್ದು ನಿಂತು, ಗೋಡೆಯ ಮೇಲಿನ ಕಾಗದದಲ್ಲಿದ್ದುದನ್ನು ಒಂದಕ್ಷರ ಬಿಡದೆ ಒಪ್ಪಿಸಬೇಕಾಯಿತು. ಐದು ಮಿನಿಟು ಹಿಡಿಯಿತು. ಟಿಕೆಟ್ಟಾಗಿದ್ದರೆ ಹೊಟ್ಟೆ ತೋರಿಸಿ ಅರ್ಧ ಮಿನಿಟಿನಲ್ಲಿ ಮುಗಿಯುತ್ತಿತ್ತು.

ಬಸ್ಸು ಮಸ್ಕಿಗೆ ಬಂತು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಬೀಗರ ಊರನ್ನು ಹಾಯ್ದು ಹೋಗುವವನು ಇಳಿದು ಅವರ ಮನೆಯಲ್ಲಿ ಒಂದು ಗುಟುಕು ನೀರಾದರೂ ಕುಡಿಯಬೇಕು. ಇಳಿಯದೆ ಹೋದರೆ ಹದಿನೈದು ದಿನ ಮಾತಿಲ್ಲ. ಅವರು ನೋಡುತ್ತಿರುವಾಗಲೇ ಇಳಿಯದೆ ಹೋದರೆ ನಡುವೆ ಹಿರಿಯರು ಕೂಡಬೇಕಾಗುತ್ತದೆ. ಚಾಂದ್‌ಪಾಷಾನ ಪಾತ್ರೆ ಅಂಗಡಿಯೋ ಬಸ್‌ಸ್ಟ್ಯಾಂಡಿನ ಎದುರಿಗೇ ಇತ್ತು, ಅಂಗಡಿಯ ಹಿಂದೆಯೇ ಮನೆ.

ಶಾವಲಿಗೆ ಈ ನಿಯಮ ಗೊತ್ತಿರಲಿಲ್ಲವೆಂದಲ್ಲ. ಆದರೆ ಬೀಗರ ಮನೆ ಹೊಕ್ಕರೆ ಊಟವಿಲ್ಲದೆ ಬಿಡುವುದಿಲ್ಲ, ಊಟವಾದ ಮೇಲೆ ಚಹಾ ಇಲ್ಲದೆ ಬಿಡುವುದಿಲ್ಲ. ಮಧ್ಯಾಹ್ನ ಅಲ್ಲೇ ಹೋಗುತ್ತದೆ. ಪಾಸಿನ ಗತಿಯೇನು? ಕೊನೆಯ ಸುತ್ತಿಗೆ ಇಳಿದರಾಯಿತು ಎಂದುಕೊಂಡ.

ಚಾಂದ್‌ಪಾಷಾ ಆಗಷ್ಟೇ ಶಟರ್ ಎತ್ತಿ ಕೊಡಗಳನ್ನು ಜೋಡಿಸುತ್ತಿದ್ದವನು ಕಿಟಕಿಯಲ್ಲಿ ಭಾವೀ ಬೀಗನನ್ನು ಕಂಡು ಮುಖವರಳಿಸಿ ಕೈಯೆತ್ತಿದ. ಒಳಗೆ ಕೂಗಿ ಚಹಾ ಇಡಲು ಹೇಳಿದ. ಶಾವಲಿಗೆ, ಪಾಪ, ಆ ಎತ್ತಿದ ಕೈಗೆ ಏನಾದರೂ ಉತ್ತರ ಕೊಡಬೇಕೆನ್ನಿಸಿತು. ಜೇಬಿನಿಂದ ಪಾಸು ತೆಗೆದು, ಫೋಟೊ ಕಾಣುವ ಹಾಗೆ ಕಿಟಕಿಗೆ ಒತ್ತಿ ಹಿಡಿದು, ಬೆರಳಿನಿಂದ ಅದನ್ನೂ ಲಿಂಗಸುಗೂರಿನ ದಿಕ್ಕನ್ನೂ ತೋರಿಸಿ ನಕ್ಕ. ಬಸ್ಸು ಹೊರಟಿತು.

ಮೇಲಿನವನಿಗೆ ಎಲ್ಲವೂ ಕಾಣುತ್ತದೆ. ಚಾಂದ್‌ಪಾಷಾನಿಗೆ ದೂರದ್ದು ಕಾಣುವುದಿಲ್ಲ, ಕನ್ನಡಕ ಗಲ್ಲಾಪೆಟ್ಟಿಗೆಯ ಮೇಲಿತ್ತು. ಅವನಿಗೆ ಕಂಡದ್ದು ಇಷ್ಟು: ತಾರೀಖು ಹೇಳಲು ತಿಂಗಳಿಂದ ಬಾರದ ಬೀಗ ಹೊಸ ಅಂಗಿ ತೊಟ್ಟು, ಯಾವನೋ ಒಬ್ಬನ ಫೋಟೊ ಇದ್ದ ಕಾಗದ ಹಿಡಿದು, ನಗುನಗುತ್ತ ಲಿಂಗಸುಗೂರಿಗೆ ಹೊರಟಿದ್ದಾನೆ.

"ಬೇರೆ ಹುಡುಗನ್ನ ನೋಡಾಕ ಹೊಂಟಾನ," ಎಂದ ಚಾಂದ್‌ಪಾಷಾ ಒಲೆಯ ಮೇಲಿನ ಚಹಾಕ್ಕೆ. "ಅದೂ ನನಗ ತೋರಿಸಿ ಹೊಂಟಾನ!"

ಒಂಬತ್ತೂವರೆಗೆ ಅದೇ ಬೀಗ ಅದೇ ನಗೆಯಲ್ಲಿ ವಾಪಸು ಹಾಯ್ದುಹೋದ. ಹನ್ನೊಂದು ಗಂಟೆಗೆ ಮತ್ತೆ ಲಿಂಗಸುಗೂರಿನ ಕಡೆಗೆ ಹೊರಟ ಬಸ್ಸಿನಲ್ಲಿ ಕಂಡ. ಒಮ್ಮೆ ಹೋದರೆ ನೋಡಲಿಕ್ಕೆ, ಎರಡನೇ ಸಲ ಹೋದರೆ ಒಪ್ಪಿಕೊಳ್ಳಲಿಕ್ಕೆ. ಚಾಂದ್‌ಪಾಷಾ ಥಟ್ಟನೆ ಒಳಗೆ ಓಡಿ ತಾಯಿ ಪೀರ್‌ಬೀಯನ್ನು ಎಬ್ಬಿಸಿದ.

"ಅಮ್ಮಾ, ಏಳು. ನಾ ಅಂಗಡಿ ಬಿಡಾಕ ಆಗಂಗಿಲ್ಲ. ನಿನಗ ಟಿಕೆಟ್ಟೂ ಇಲ್ಲ. ಆ ಮನುಷ್ಯಾ ಯಾರ ಮನಿಗೆ ಹೋಗ್ತಾನ ನೋಡ್ಕೊಂಡು ಬಾ."

ಎಪ್ಪತ್ತರ ಪೀರ್‌ಬೀ ಬುರ್ಖಾ ಹಾಕಿ, ಮುಖದ ಮೇಲೆ ನಖಾಬ್ ಇಳಿಸಿ, ಅಡಕೆಯ ಚೀಲ ಹಿಡಿದು ಹೊರಟೇಬಿಟ್ಟಳು. ಬಸ್ಸು ಸ್ಟ್ಯಾಂಡಿನ ಮೈದಾನದಲ್ಲಿ ತಿರುಗುವಷ್ಟರಲ್ಲಿ ಹತ್ತಿ ಶಾವಲಿಯ ಮುಂದಿನ ಸೀಟಿನಲ್ಲೇ ಕೂತಳು. ಮಾತುಕತೆಗೆ ಹೋದಾಗೆಲ್ಲ ಆಕೆ ಒಳಗಿನ ಕೋಣೆಯಲ್ಲಿ ಹೆಂಗಸರ ನಡುವೆ ಇದ್ದವಳು. ಶಾವಲಿ ಆಕೆಯ ಬಗ್ಗೆ ಹೆಂಡತಿಯಿಂದ ಕೇಳಿದ್ದನೇ ಹೊರತು ಮುಖ ನೋಡಿರಲಿಲ್ಲ, ದನಿ ಕೇಳಿರಲಿಲ್ಲ. ಕೇಳಿದ್ದರೆ ಈ ಕಥೆಗೆ ಇಲ್ಲಿಗೇ ಸಲಾಂ ಹೇಳಬಹುದಿತ್ತು.

"ಎಲ್ಲಿಗೆ ಬೇಟಾ?" ಎಂದಳು ಹಿಂದಕ್ಕೆ ತಿರುಗಿ.

"ಎಲ್ಲಿಗೂ ಇಲ್ಲ ಖಾಲಾ."

"ಎಲ್ಲಿಗೂ ಇಲ್ಲದವ್ರು ಮನ್ಯಾಗ ಇರ್ತಾರಲ್ಲ?"

"ನಂದು ಪಾಸ್ ಐತಿ," ಎಂದ ಶಾವಲಿ, ಇದಕ್ಕಿಂತ ದೊಡ್ಡ ಕಾರಣ ಬೇಕೇ ಎನ್ನುವಂತೆ.

ಆಕೆ ನಂಬಲಿಲ್ಲ. ಲಿಂಗಸುಗೂರಿನಲ್ಲಿ ಇಳಿದು ಹತ್ತು ಹೆಜ್ಜೆ ಹಿಂದೆಯೇ ನಡೆದಳು. ಶಾವಲಿ ನಲ್ಲಿಯ ನೀರು ಕುಡಿದ. ಮುಖ ತೊಳೆದ. ಎರಡು ಬಾಳೆಹಣ್ಣು ತಿಂದು ಸಿಪ್ಪೆಯನ್ನು ಆಕಳಿಗೆ ಕೊಟ್ಟ. ಸಿಂಧನೂರಿನ ಬೋರ್ಡು ಹಾಕಿದ ಬಸ್ಸು ಬಂದದ್ದೇ ಹತ್ತಿ ಕೂತ. ಪೀರ್‌ಬೀಗೆ ಹಿಂದೆಂದೂ ಇಂಥ ನಿರಾಸೆಯಾಗಿರಲಿಲ್ಲ. ಆಕೆಯೂ ಹತ್ತಿದಳು.

"ಅಯ್ಯ, ನೀವೂ ಎಲ್ಲಿಗೂ ಇಲ್ಲೇನು?" ಎಂದು ಶಾವಲಿ ಹಿಗ್ಗಿದ. ಇಡೀ ದಿನದಲ್ಲಿ ತನ್ನ ಹಾಗೆ ಯೋಚಿಸುವ ಒಂದು ಜೀವ ಸಿಕ್ಕಿತ್ತು. ಇಬ್ಬರೂ ಅರ್ಧ ಕನ್ನಡ ಅರ್ಧ ದಖನಿಯಲ್ಲಿ ಮಾತಿಗೆ ಕೂತರು.

"ಬೇಟಾ, ಯಾವುದಾದ್ರೂ ಹುಡುಗನ ಫೋಟೊ ಐತೇನು ನಿನ್ನ ಹತ್ರ?" ಎಂದಳು ಪೀರ್‌ಬೀ ಮೆಲ್ಲಗೆ.

"ಫೋಟೊ? ನಂದಾ ಒಂದು ಐತಿ ನೋಡ್ರಿ," ಎಂದು ಪಾಸು ಕೊಟ್ಟ.

ಆಕೆ ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು. "ಹುಡುಗಗ ಭಾಳ ವಯಸ್ಸಾಗೈತಿ," ಎಂದು ವಾಪಸು ಕೊಟ್ಟಳು.

ಮಸ್ಕಿಯ ಗುಡ್ಡ ಕಂಡಿತು. ಶಾವಲಿ ಇದ್ದಕ್ಕಿದ್ದಂತೆ ಸೀಟಿನ ನಡುವೆ ಬಗ್ಗಿ, ಡಬ್ಬಿಯನ್ನು ತಲೆಗೆ ಮರೆಮಾಡಿಕೊಂಡ.

"ಯಾಕ, ಏನ್ ಬಿತ್ತು?"

"ಏನೂ ಬಿದ್ದಿಲ್ಲ ಖಾಲಾ. ಎದುರಿಗೆ ನಮ್ಮ ಬೀಗರ ಅಂಗಡಿ ಐತಿ. ಮುಂಜಾನಿಂದ ಕೈ ಎತ್ತಾಕತ್ತಾರ. ಇಳಿದ್ರ ಪಾಸ್ ಕೆಟ್ಟಂಗ. ಚಾಂದ್‌ಪಾಷಾ ಭಾಯಿ ಬಂಗಾರದಂಥ ಮನುಷ್ಯಾ, ಆದ್ರ ಅವ್ರ ಮನಿ ಚಾ ಐತಲ್ಲ, ಕಾಲುವಿ ನೀರು ಅದಕ್ಕಿಂತ ಗಟ್ಟಿ."

ನಖಾಬಿನ ಹಿಂದೆ ಏನೋ ಕೆಮ್ಮಿದಂತಾಯಿತು.

"ಅದೂ ಹೋಗ್ಲಿ," ಎಂದ ನೆಲದಿಂದಲೇ, "ಆ ಮನ್ಯಾಗ ಒಬ್ಬಾಕಿ ಮುದುಕಿ ಅದಾಳಂತ. ನಮ್ಮಾಕಿ ಹೇಳ್ತಾಳ. ಮಾತಿಗೆ ಹಿಡಿದಳಂದ್ರ ಬಿಡಂಗಿಲ್ಲಂತ! ನಿಜಾಮನ ಕಾಲದಿಂದ ಶುರುಮಾಡಿದ್ರ ಇವತ್ತಿಗೆ ಬರಾಕ ಎರಡು ಊಟ ಬೇಕಂತ. ನನ್ನ ಪಾಸಿಗೆ ಏಳು ಗಂಟೆ ತನಕ ಮಾತ್ರ ಜೀವ ಐತಿ, ಖಾಲಾ."

"ಹೌದಾ?" ಎಂದಳು ಪೀರ್‌ಬೀ. "ಅಂಥ ಮುದುಕಿನಾ?"

"ಹಂಗಂತ ಕೇಳೀನಿ. ಖುದಾ ಆಕಿಗೆ ನೂರು ವರ್ಷ ಕೊಡ್ಲಿ. ಇವತ್ತೊಂದು ದಿನ ಮಾತ್ರ ನನ್ನ ಕೈಗೆ ಸಿಗದಿರ್ಲಿ."

ಅಂಗಡಿಯ ಮುಂದೆ ಚಾಂದ್‌ಪಾಷಾ ಕಣ್ಣಿಗೆ ಕೈ ಅಡ್ಡ ಹಿಡಿದು ನಿಂತಿದ್ದ. ಈ ಸಲ ಕನ್ನಡಕವಿತ್ತು. ಬೀಗನ ತಲೆಯ ಜಾಗದಲ್ಲಿ ಒಂದು ಡಬ್ಬಿ ಕಂಡಿತು. ಅದರ ಮುಂದೆ ಅವನ ಸ್ವಂತ ತಾಯಿ ಕಂಡಳು. ಆಕೆ "ತಡಿ" ಎಂಬಂತೆ ಕೈ ಮಾಡಿ, ಇಳಿಯದೆ, ಸಿಂಧನೂರಿನ ಕಡೆ ಹೊರಟೇಹೋದಳು. ನೋಡಿಕೊಂಡು ಬರಲು ಕಳಿಸಿದವಳನ್ನೂ ಆ ಮನುಷ್ಯ ಒಯ್ದನಲ್ಲ! ಚಾಂದ್‌ಪಾಷಾ ಸಿಂಧನೂರಿಗೆ ಫೋನು ಹಚ್ಚಿದ.

ಇತ್ತ ಬಗ್ಗಿದವನು ಎದ್ದಾಗ ಹಸಿವೂ ಎದ್ದಿತ್ತು. ಶಾವಲಿ ಡಬ್ಬಿ ತೆರೆದ. ಬೀಗರಿಗೆಂದು ಕೊಟ್ಟದ್ದು, ಆದರೆ ಹತ್ತರಲ್ಲಿ ಎರಡು ಕಡಿಮೆಯಾದರೆ ಯಾರು ಎಣಿಸುತ್ತಾರೆ? ಜೊತೆಗಿದ್ದ ಹಿರಿಯಳನ್ನು ಬಿಟ್ಟು ತಿನ್ನುವುದು ಧರ್ಮವಲ್ಲ.

"ತಗೋರಿ ಖಾಲಾ. ಮಗಳು ಮಾಡಿದ್ದು. ಮಾತು ಕಡಿಮಿ, ಕೈ ಭಾಳ ಛಲೋ."

ಪೀರ್‌ಬೀ ನಖಾಬಿನ ಕೆಳಗಿಂದ ಒಂದನ್ನು ಒಳಗೆ ಕಳಿಸಿದಳು. ಮತ್ತೊಂದು ಒಳಗೆ ಹೋಯಿತು. ಆಮೇಲೆ ಎರಡನ್ನು ತನ್ನ ಕರ್ಚೀಫಿನಲ್ಲಿ ಗಂಟು ಕಟ್ಟಿದಳು. "ಮೊಮ್ಮಗ ಅದಾನ ಮನ್ಯಾಗ."

"ಇನ್ನೊಂದು ತಗೋರಿ. ಮಕ್ಕಳಿಗೆ ಆಸೆ ಇರ್ತೈತಿ," ಎಂದ ಶಾವಲಿ. ಮಾತಿನ ಭರದಲ್ಲಿ ಸಿಂಧನೂರಿನ ಅಕ್ಕಿ ಗಿರಣಿಗಳು ಕಾಣುವಷ್ಟರಲ್ಲಿ ಡಬ್ಬಿಯಲ್ಲಿ ಪುಡಿ ಉಳಿದಿತ್ತು.

ಬಸ್‌ಸ್ಟ್ಯಾಂಡಿನಲ್ಲಿ ಶಂಶಾದ್‌ಬೀ ನಿಂತಿದ್ದಳು. ಅವಳ ಹಿಂದೆ ಪಂಪಣ್ಣ, ಚಹಾದಂಗಡಿ ಮುಚ್ಚಿ ಬಂದವನು. ಪಂಪಣ್ಣನ ಹಿಂದೆ ಅವನ ನಾಲ್ಕು ಗಿರಾಕಿಗಳು, ಕುಡಿಯುತ್ತಿದ್ದ ಕಪ್ಪುಗಳ ಸಮೇತ.

"ಲಿಂಗಸುಗೂರಾಗ ಯಾರದಾಳ್ರಿ?" ಎಂದಳು ಶಂಶಾದ್‌ಬೀ.

"ಯಾರೂ ಇಲ್ಲ."

"ಎರಡು ಸಲ ಹೋಗೀರಂತ!"

"ಹೌದು."

"ಯಾರೂ ಇಲ್ಲದಲ್ಲಿಗೆ ಅತ್ತರ ಹಚ್ಗೊಂಡು ಎರಡು ಸಲ?"

"ಮಾಮಾ ಮುಂಜಾನೇನಾ 'ಎಲ್ಲಿಗೂ ಇಲ್ಲ' ಅಂದಿದ್ದ ಬಿಡ್ರಿ ಅತ್ತೀ," ಎಂದು ಪಂಪಣ್ಣ ಸಹಾಯಕ್ಕೆ ಬಂದ. "ನಾ ಅವಾಗ್ಲೇ ಎಲ್ಲರಿಗೂ ಹೇಳ್ದೆ."

ಶಾವಲಿ ಪಾಸು ತೆಗೆದ. ಶಂಶಾದ್‌ಬೀ ಅದನ್ನು ನೋಡಲಿಲ್ಲ. ಅವಳ ದನಿ ಈಗ ಇಳಿದಿತ್ತು. "ಮಸ್ಕಿಯಿಂದ ಫೋನ್ ಬಂದಿತ್ತು. ಹುಡುಗ ಬ್ಯಾಡಾದ್ರ ಬಾಯಿಬಿಟ್ಟು ಹೇಳ್ರಿ, ಕಿಟಕ್ಯಾಗ ಬೇರೆ ಹುಡುಗನ ಫೋಟೊ ತೋರಿಸಿ ಮರ್ಯಾದಿ ಕಳೀಬ್ಯಾಡ್ರಿ ಅಂದ್ರು. ಇಳಿಹೊತ್ತಿನ ಅಸರ್ ನಮಾಜಿನೊಳಗ ಬಂದು ತಾರೀಖು ಹೇಳಿದ್ರ ಐತಿ, ಇಲ್ಲಂದ್ರ ಉಂಗುರ ವಾಪಸ್ ಅಂತ. ಮಹೆಕ್ ಒಲಿ ಮುಂದ ಕುಂತಾಳ. ಒಲಿ ಹಚ್ಚಿಲ್ಲ."

ಶಾವಲಿಯ ಕೈಯಲ್ಲಿದ್ದ ಪ್ಲಾಸ್ಟಿಕ್ಕು ಮೊದಲ ಸಲ ಭಾರವಾಯಿತು. ಹಚ್ಚದ ಒಲೆಯ ಮುಂದೆ ಕೂತ ಮಗಳು ಕಣ್ಣಿಗೆ ಬಂದಳು. ಅವನು ಮಸ್ಕಿಯ ಬಸ್ಸಿಗೆ ಓಡಿದ. ಹಿಂದೆ ಶಂಶಾದ್‌ಬೀ ಓಡಿದಳು. ಅವಳ ಹಿಂದೆ, ಯಾರೂ ಕರೆಯದೆ, ನಖಾಬಿನ ಮುದುಕಿಯೂ ಹತ್ತಿದಳು.

ಕಂಡಕ್ಟರ್ ದುರುಗೇಶನೇ. "ಮತ್ತ ಬಂದ್ರೇನು ಪ್ಲಾಸ್ಟಿಕ್ ಮಾವಾರು?" ಎಂದ. ಶಾವಲಿ ತಾನಾಗಿಯೇ ಮುಖ ತಿರುಗಿಸಿ ಪಾಸನ್ನು ಅವನ ಕೈಗಿಟ್ಟ.

ಚಾಂದ್‌ಪಾಷಾ ಅಂಗಡಿಯ ಮುಂದೆ ಕುರ್ಚಿ ಹಾಕಿ ಕೂತಿದ್ದ. ಬಲಕ್ಕೆ ಕೊಡಗಳು, ಎಡಕ್ಕೆ ಕೊಪ್ಪರಿಗೆಗಳು, ನಡುವೆ ಬಾದಶಹ.

"ಬರ್ರಿ. ಇಳಿಯಾಕ ಬರ್ತೈತಿ ಅನ್ರಿ ನಿಮಗ."

"ಭಾಯಿ, ತಪ್ಪಾತು. ಬೇರೆ ಹುಡುಗ ಇಲ್ಲ, ಏನೂ ಇಲ್ಲ. ಅದು ನನ್ನ ಫೋಟೊ. ನಾ ಸುಮ್ಮನಾ ಬಸ್ಸಿನ್ಯಾಗ ಕುಂತಿದ್ದೆ."

"ಸುಮ್ಮನಾ! ನಾಲ್ಕು ಸಲ! ಡಬ್ಬಿ ಹೊತ್ಗೊಂಡು!"

"ಡಬ್ಬಿ ನಿಮಗಾ ಕೊಟ್ಟಿದ್ದು. ಮಗಳು ಮಾಡಿ ಕಳಿಸ್ಯಾಳ," ಎಂದು ಶಾವಲಿ ಎರಡೂ ಕೈಯಿಂದ ಒಪ್ಪಿಸಿದ.

ಚಾಂದ್‌ಪಾಷಾ ಮುಚ್ಚಳ ತೆಗೆದ. ಪುಡಿ. ಡಬ್ಬಿಯನ್ನು ಬೋರಲು ಹಾಕಿದ. ಒಂದು ಎಳ್ಳು ಉದುರಿತು. ಶಂಶಾದ್‌ಬೀ ಕಣ್ಣು ಮುಚ್ಚಿಕೊಂಡಳು. ಮೂವತ್ತು ವರ್ಷದ ಸಂಸಾರದಲ್ಲಿ ಇಂಥ ಎಳ್ಳನ್ನು ಆಕೆ ನೋಡಿರಲಿಲ್ಲ.

ಆ ಹೊತ್ತಿಗೆ ನಖಾಬಿನ ಮುದುಕಿ ಅವರನ್ನು ದಾಟಿ, ಕೊಡಗಳ ನಡುವೆ ಹಾದು, ಸೀದಾ ಒಳಮನೆಗೆ ಹೊರಟಳು. ಶಾವಲಿ ಗಾಬರಿಯಾಗಿ ಕೈ ಅಡ್ಡ ಹಾಕಿದ.

"ಖಾಲಾ, ಖಾಲಾ! ಅಲ್ಲಿ ಹೋಗಬ್ಯಾಡ್ರಿ! ಅದು ಬೀಗರ ಮನಿ! ಒಳಗ ಆ ಮುದುಕಿ ಅದಾಳ!"

"ಅದಾಳಲ್ಲ," ಎಂದು ಪೀರ್‌ಬೀ ನಖಾಬ್ ಎತ್ತಿದಳು. "ಖುದಾ ಆಕಿಗೆ ನೂರು ವರ್ಷ ಕೊಡ್ಲಿ ಅಂದಿದ್ದಿಯಲ್ಲ ಬೇಟಾ? ಕೊಟ್ಟಾನ."

ಶಾವಲಿ ಹತ್ತಿರದಲ್ಲಿದ್ದ ಕೊಪ್ಪರಿಗೆಯನ್ನು ನೋಡಿದ. ಒಳಗೆ ಕೂರುವಷ್ಟು ದೊಡ್ಡದಿರಲಿಲ್ಲ.

"ಅಮ್ಮಾ!" ಎಂದ ಚಾಂದ್‌ಪಾಷಾ. "ಯಾರ ಮನಿಗೆ ಹೋದ?"

"ಯಾರ ಮನಿಗೂ ಇಲ್ಲ. ನೀರು ಕುಡಿದ, ಆಕಳಿಗೆ ಸಿಪ್ಪಿ ಹಾಕಿದ, ಬಸ್ ಹತ್ತಿದ. ಇವನಿಗೆ ಸುಳ್ಳು ಹೇಳಾಕ ಬರಂಗಿಲ್ಲೋ. ನಿನ್ನ ಚಾ ಹೆಂಗೈತಿ ಅನ್ನೋದೂ ಖರೇನಾ ಹೇಳ್ಯಾನ." ಪೀರ್‌ಬೀ ಕರ್ಚೀಫಿನ ಗಂಟು ಬಿಚ್ಚಿ ಮೂರು ಕರ್ಜಿಕಾಯಿಗಳನ್ನು ಮಗನ ಮಡಿಲಿಗಿಟ್ಟಳು. "ಫೈಜಲ್‌ಗ ಕೊಡು. ಈ ಕೈ ನಮ್ಮ ಮನಿಗೆ ಬರ್ಬೇಕು. ತಾರೀಖು ಹೇಳ್ರಿ."

ತಾರೀಖು ಎರಡೇ ಮಾತಿನಲ್ಲಿ ಗೊತ್ತಾಯಿತು. ಬರುವ ತಿಂಗಳ ಇಪ್ಪತ್ತೊಂದು. ಶಂಶಾದ್‌ಬೀ ಅಲ್ಲಿಂದಲೇ ಮಗಳಿಗೆ ಫೋನು ಮಾಡಿ ಒಲೆ ಹಚ್ಚಲು ಹೇಳಿದಳು. ಶಾವಲಿ ಎದೆಯ ಮೇಲೆ ಕೈಯಿಟ್ಟು ಮೇಲಿನವನಿಗೆ ಶುಕ್ರ್ ಹೇಳಿ, ಗೋಡೆಯ ಗಡಿಯಾರ ನೋಡಿದ. ಮೂರೂ ಮುಕ್ಕಾಲು. ಇನ್ನೂ ಒಂದು ಸುತ್ತಿಗೆ ಧಾರಾಳ ಹೊತ್ತಿತ್ತು. ಎದ್ದ.

"ಕೂಡು ಬೇಟಾ," ಎಂದಳು ಪೀರ್‌ಬೀ, ಅಡಕೆಯ ಚೀಲ ಬಿಚ್ಚುತ್ತ. "ನಿಜಾಮನ ಕಾಲದಾಗ ನಮ್ಮ ದಾದಾ ಈ ಮಸ್ಕಿಗೆ ಬಂದಾಗ ಇಲ್ಲಿ ಬಸ್ಸಿಲ್ಲ, ಕಾಲುವಿಲ್ಲ..."

ಎರಡು ಊಟ ಬೇಕಾಗುತ್ತದೆಂದು ಶಂಶಾದ್‌ಬೀ ಹೇಳಿದ್ದು ಸುಳ್ಳು. ಒಂದು ಊಟ, ಮೂರು ಚಹಾದಲ್ಲಿ ಮುಗಿಯಿತು. ಶಾವಲಿ ಮೂರು ಚಹಾಗಳನ್ನೂ, ಚಾಂದ್‌ಪಾಷಾ ಎದುರು ಕೂತು ನೋಡುತ್ತಿದ್ದಂತೆ, ಬಹಳ ಗಟ್ಟಿಯಾಗಿದೆಯೆಂದು ಹೊಗಳುತ್ತ ಕುಡಿದ. ಅಂಗಡಿಯ ಮುಂದೆ ಲಿಂಗಸುಗೂರಿನ ಬಸ್ಸುಗಳು ಹೋದವು, ಸಿಂಧನೂರಿನ ಬಸ್ಸುಗಳು ಬಂದವು. ಪೀರ್‌ಬೀಯ ಮಾತಿನಲ್ಲಿ ಕಾಲುವೆ ಮಸ್ಕಿಗೆ ಬಂದು ಮುಟ್ಟುವ ಹೊತ್ತಿಗೆ ಗಡಿಯಾರ ಏಳು ಹೊಡೆಯಿತು.

"ಹೋಗಿ ಬಾ ಬೇಟಾ," ಎಂದಳು ಪೀರ್‌ಬೀ. "ಈಗ ಕೆಲಸೇನಿಲ್ಲ ನಿಂದು."

ಊರಿಗೆ ಮರಳುವ ಬಸ್ಸಿನಲ್ಲಿ ಶಂಶಾದ್‌ಬೀ ಕಿಟಕಿಗೆ ಕೂತಳು. ಪಶ್ಚಿಮದಲ್ಲಿ ಇನ್ನೂ ಒಂದಿಷ್ಟು ಕೆಂಪಿತ್ತು. ಗದ್ದೆಯ ನೀರಿನಲ್ಲಿ ಅದು ಮಲಗಿತ್ತು. ದುರುಗೇಶ ಬಂದು ಪಕ್ಕದಲ್ಲಿ ನಿಂತ. ಶಂಶಾದ್‌ಬೀ ಗದ್ದೆಯ ಮೇಲಿಟ್ಟ ಮುಖವನ್ನು ಒಂದು ಎಳೆಯಷ್ಟೂ ಈಚೆಗೆ ತಿರುಗಿಸದೆ, ಎರಡು ಬೆರಳಿನಲ್ಲಿ ಆಧಾರ್ ಕಾರ್ಡು ಎತ್ತಿದಳು. ದುರುಗೇಶ ಮರುಮಾತಿಲ್ಲದೆ ಚೀಟಿ ಹರಿದು ಕೊಟ್ಟ.

ಶಾವಲಿ ಅದನ್ನು ಬಾಯಿಬಿಟ್ಟು ನೋಡಿದ. ಇಷ್ಟು ದಿನ ಪಕ್ಕದಲ್ಲೇ ಇದ್ದುದನ್ನು ಹುಡುಕಿಕೊಂಡು ಅವನು ಲಿಂಗಸುಗೂರಿಗೆ ಎರಡು ಸಲ ಹೋಗಿಬಂದಿದ್ದ.

"ಪ್ಲಾಸ್ಟಿಕ್ ಮಾವಾರು," ಎಂದ ದುರುಗೇಶ, "ನಿಮ್ಮದು ಸತ್ತು ಅರ್ಧ ತಾಸಾತು. ಚಿಲ್ಲರಿ ತಗೀರಿ."

ಶಾವಲಿ ಎದ್ದು ನಿಂತ. ಅಂಗಿ ಎತ್ತಿದ.